ಜಾತ್ರೆಗೆ ಹಿಂದಿನ ದಿನವೇ ಹೋಗಿ

ಓದುಗರ ಪ್ರಶ್ನೆ, ಕಂಡಕ್ಟರ್ ಕಾಕಾ ಉತ್ತರ

(ಜಾತ್ರೆ, ತೇರು, ಹರಕೆ, ದಾರಿ ಕುರಿತ ಪ್ರಶ್ನೆಗಳಿಗೆ ಉತ್ತರಿಸುವವರು ಹಾವೇರಿ ಕಡೆಯ ನಿವೃತ್ತ ಬಸ್ ಕಂಡಕ್ಟರ್. ಕೆಲಸದ ದೊಡ್ಡ ಪಾಲನ್ನು ಜಾತ್ರೆ ವಿಶೇಷ ಬಸ್ಸುಗಳಲ್ಲಿ ಕಳೆದವರು.)

ಪ್ರಶ್ನೆ: ಸರ್, ಮಕ್ಕಳಿಬ್ಬರಿಗೂ ಮೈಲಾರದ ಕಾರ್ಣಿಕ ತೋರಿಸಬೇಕು ಅಂತ ಆಸೆ. ಅದೇ ದಿನ ಮಧ್ಯಾಹ್ನ ಕಾರಿನಲ್ಲಿ ತಲುಪಿ, ಕಾರ್ಣಿಕ ಕೇಳಿಕೊಂಡು ರಾತ್ರಿಯೇ ವಾಪಸ್ ಹೊರಡಬಹುದಾ? ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ?
— ಓದುಗಿ, ಬೆಂಗಳೂರು

ಉತ್ತರ: ಹೊರಡಬಹುದು ತಂಗಿ. ಆದರೆ ಹಾಗೆ ಬಂದರೆ ಮಕ್ಕಳಿಗೆ ಕಾಣೋದು ಮುಂದೆ ನಿಂತವರ ಬೆನ್ನು ಮಾತ್ರ. ಕಾರ್ಣಿಕ ಅನ್ನೋದು ಮುಂದಿನ ವರ್ಷದ ಭವಿಷ್ಯ ನುಡಿಯುವ ಒಂದೇ ಒಂದು ಮಾತು. ಮೈಲಾರಲಿಂಗನ ಭಕ್ತನಾದ ಗೊರವಯ್ಯ ಬಿಲ್ಲು ಏರುತ್ತಾನೆ, ‘ಸದ್ದಲೇ’ ಅಂತ ಕೂಗುತ್ತಾನೆ, ಲಕ್ಷಾಂತರ ಜನ ಗಪ್‌ಚಿಪ್ ಆಗುತ್ತಾರೆ. ಒಂದು ಸಾಲು ನುಡಿದು ಬೆನ್ನು ಮಾಡಿ ಕೆಳಗೆ ಬೀಳುತ್ತಾನೆ. ಕೆಳಗಿದ್ದವರು ಕೈಗೆ ಕೈ ಕೊಟ್ಟು ಹಿಡಿಯುತ್ತಾರೆ. ಅಲ್ಲಿಗೆ ಮುಗಿಯಿತು. ಅಷ್ಟಕ್ಕಾಗಿ ಅಷ್ಟು ದೂರದಿಂದ ಬಂದು, ಪಾರ್ಕಿಂಗ್ ಹುಡುಕಿ, ಮೈಲಿಗಟ್ಟಲೆ ನಡೆದು, ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಿಲ್ಲಬೇಕು. ಮಾತು ಕಿವಿಗೆ ಬೀಳುವುದೂ ಖಾತ್ರಿ ಇಲ್ಲ. ಪಕ್ಕದವರನ್ನು ‘ಏನಂದ್ರು, ಏನಂದ್ರು’ ಅಂತ ಕೇಳುವುದೇ ಆಗುತ್ತದೆ.

ಹಿಂದಿನ ದಿನ ಬೆಳಿಗ್ಗೆಯೇ ಬನ್ನಿ. ಮೈಲಾರ ಇರುವುದು ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಗೆ. ಭರತ ಹುಣ್ಣಿಮೆ (ಮಾಘದ ಹುಣ್ಣಿಮೆ) ಮುಗಿದ ಮೇಲೆ ಕಾರ್ಣಿಕ. ಬೆಂಗಳೂರಿಂದ ರಾತ್ರಿ ರೈಲಿಗೆ ಹತ್ತಿದರೆ ರಾಣೆಬೆನ್ನೂರಿನಲ್ಲೋ ಹಾವೇರಿಯಲ್ಲೋ ಇಳಿದು ಜಾತ್ರೆ ಬಸ್ ಹಿಡಿಯಬಹುದು. ಕಾರಿಗಿಂತ ಅದೇ ವಾಸಿ. ಜಾತ್ರೆ ಬಸ್ಸಿನಲ್ಲಿ ಕೂತವರೆಲ್ಲ ಅಲ್ಲಿಗೇ ಹೊರಟವರು. ಅರ್ಧ ಜಾತ್ರೆ ಬಸ್ಸಿನಲ್ಲೇ ಶುರುವಾಗಿರುತ್ತದೆ. ಹಣೆ ತುಂಬ ಭಂಡಾರ (ಅರಿಶಿನ ಪುಡಿ) ಹಚ್ಚಿಕೊಂಡ ಅಜ್ಜ ನಿಮ್ಮ ಮಕ್ಕಳ ಹಣೆಗೂ ಹಚ್ಚುತ್ತಾನೆ. ಬೇಡ ಅನ್ನಬೇಡಿ.

ಊರು ಹೊಕ್ಕ ಮೇಲೆ ಗುಡಿಗೆ ನೇರ ಓಡಬೇಡಿ. ಸುತ್ತಲ ಹೊಲಗಳನ್ನು ನೋಡಿ. ಬಂಡಿಗಳ ಕೆಳಗೆ, ತಾಡಪಾಲು ಕಟ್ಟಿಕೊಂಡು, ಒಲೆ ಹೂಡಿಕೊಂಡು ಜನ ಇಳಿದಿರುತ್ತಾರೆ. ಗೊರವರು ಗುಂಪು ಗುಂಪಾಗಿ ಕೂತಿರುತ್ತಾರೆ. ಕರಿ ಕಂಬಳಿಯ ನಿಲುವಂಗಿ, ಹೆಗಲಲ್ಲಿ ಭಂಡಾರದ ಚೀಲ, ಕೈಯಲ್ಲಿ ಡಮರುಗ. ಮುಂದೆ ದೋಣಿ, ಅಂದರೆ ಎಡೆ ಹಾಕುವ ಪಾತ್ರೆ. ಆ ದೋಣಿಗೆ ಭಕ್ತರು ಹಾಲು, ತುಪ್ಪ, ಸಕ್ಕರೆ, ಬಾಳೆಹಣ್ಣು ಹಾಕಿ ತುಂಬಿಸುತ್ತಾರೆ. ಇದನ್ನು ಹತ್ತಿರದಿಂದ ನೋಡಲು ಹಿಂದಿನ ದಿನ ಸಿಗುವಷ್ಟು ಪುರುಸೊತ್ತು ಕಾರ್ಣಿಕದ ದಿನ ಸಿಗುವುದಿಲ್ಲ. ಮಗು ಕೇಳಿದರೆ ಗೊರವಜ್ಜ ಡಮರುಗ ಬಾರಿಸಿ ತೋರಿಸುತ್ತಾನೆ. ಮಲ್ಲಾಸುರ, ಮಣಿಕಾಸುರರನ್ನು ಮೈಲಾರಲಿಂಗ ಹೇಗೆ ಕೊಂದ ಅಂತ ಕಥೆ ಹೇಳುತ್ತಾನೆ. ಕಾರ್ಣಿಕ ನುಡಿಯುವವರು ಎಷ್ಟೋ ದಿನ ಉಪವಾಸ ವ್ರತದಲ್ಲಿ ಇರುತ್ತಾರೆ ಅನ್ನುವುದೂ ಮಕ್ಕಳಿಗೆ ಗೊತ್ತಿರಲಿ. ಆಗ ಮರುದಿನ ಬಿಲ್ಲೇರುವಾಗ ಅವರು ನೋಡುವ ರೀತಿಯೇ ಬೇರೆ ಇರುತ್ತದೆ.

ಎಲ್ಲಿ ನಿಲ್ಲಬೇಕು ಅಂದಿರಿ. ಕಾರ್ಣಿಕ ಆಗುವುದು ಊರ ಹೊರಗಿನ ಡೆಂಕನಮರಡಿಯಲ್ಲಿ, ಸಂಜೆ ಹೊತ್ತಿಗೆ. ಮಕ್ಕಳಿದ್ದರೆ ಬಿಲ್ಲಿನ ಹತ್ತಿರ ಹೋಗಲೇಬೇಡಿ. ಮರಡಿಯ ಅಂಚಿನಲ್ಲಿ, ಹಿಂದೆ ಬಯಲು ಇರುವ ಕಡೆ ನಿಲ್ಲಿ. ಬಿಲ್ಲು ಆಳೆತ್ತರಕ್ಕಿಂತ ಎಷ್ಟೋ ಪಾಲು ಎತ್ತರ, ದೂರಕ್ಕೂ ಕಾಣುತ್ತದೆ. ಕಾರ್ಣಿಕ ಆದ ತಕ್ಷಣ ಎಲ್ಲರೂ ಒಟ್ಟಿಗೆ ತಿರುಗುತ್ತಾರೆ. ಆ ಹೊತ್ತಿನಲ್ಲಿ ನೀವು ತಿರುಗಬೇಡಿ. ಅಲ್ಲೇ ಕೂತು ಮಕ್ಕಳಿಗೆ ಚುರುಮುರಿ ತಿನ್ನಿಸಿ. ಒಂದು ತಾಸು ಬಿಟ್ಟು ಏಳಿ. ಮೊದಲ ಬಸ್ಸಿಗೆ ಜೋತು ಬಿದ್ದವರಿಗಿಂತ ನೀವು ಬೇಗ ಮನೆ ಸೇರುತ್ತೀರಿ. ಇದು ನಾನು ಫುಟ್‌ಬೋರ್ಡಿನ ಮೇಲೆ ನಿಂತು ಕಲಿತದ್ದು. ಇನ್ನೂ ಒಂದು ರಾತ್ರಿ ಉಳಿಯಲು ಆದರೆ ಸರಪಳಿ ಪವಾಡ ನೋಡಿಕೊಂಡು ಬನ್ನಿ. ಕಬ್ಬಿಣದ ಸರಪಳಿಯನ್ನು ಎಳೆದು ಹರಿಯುವುದನ್ನು ಮಕ್ಕಳು ಮರೆಯುವುದಿಲ್ಲ.

ಪ್ರಶ್ನೆ: ಕಾಕಾ, ನಾನು ಡಿಗ್ರಿ ಓದುತ್ತಿದ್ದೇನೆ. ಕಾರ್ಣಿಕ ನಿಜ ಆಗುತ್ತದಾ? ಟಿವಿಯಲ್ಲಿ ಒಬ್ಬೊಬ್ಬರು ಒಂದೊಂದು ಅರ್ಥ ಹೇಳುತ್ತಾರೆ. ಮತ್ತೆ, ರೀಲ್ಸ್ ಮಾಡಿದರೆ ಊರವರು ಬೈತಾರಾ?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: 2023ರಲ್ಲಿ ಮೈಲಾರದಲ್ಲಿ ನುಡಿದದ್ದು ‘ಅಂಬಲಿ ಹಳಸಿತು, ಕಂಬಳಿ ಬೀಸಿತಲೇ ಪರಾಕ್’ ಅಂತ. ಅದು ಚುನಾವಣೆಯ ವರ್ಷ. ರಾಜಕೀಯದವರು ತಮ್ಮ ತಮ್ಮ ಪಕ್ಷಕ್ಕೆ ಹೊಂದಿಸಿಕೊಂಡು ಅರ್ಥ ಮಾಡಿದರು. ಆದರೆ ಹೊಲದವರು ಕೇಳುವುದು ಅದಕ್ಕಲ್ಲ ತಮ್ಮ. ಅವರಿಗೆ ಬೇಕಾದದ್ದು ಮಳೆ ಹೇಗೆ, ಬೆಳೆ ಹೇಗೆ. ಮರಡಿಯಿಂದ ವಾಪಸ್ ಬರುವ ಬಸ್ಸಿನಲ್ಲಿ ಆ ಒಂದು ಸಾಲನ್ನು ಇಟ್ಟುಕೊಂಡು ನಡೆಯುವ ಮಾತುಕತೆ ಕೇಳಬೇಕು ನೀನು. ಮುಂಗಾರಿಗೆ ಏನು ಹಾಕೋಣ, ಹತ್ತಿ ಬೇಡ, ಜೋಳವೇ ಇರಲಿ, ಸಾಲ ಈ ವರ್ಷ ಮಾಡೋದು ಬೇಡ ಅಂತ. ಊರೂರಿನ ರೈತರು ಒಂದೇ ಕಡೆ ಕೂಡಿ ಮುಂದಿನ ವರ್ಷದ ಬಗ್ಗೆ ಒಟ್ಟಿಗೆ ಯೋಚನೆ ಮಾಡುವ ದಿನ ಅದು. ನಾನು ಕಾರ್ಣಿಕವನ್ನು ನಂಬುತ್ತೇನೆ, ಹೀಗೇ ನಂಬುತ್ತೇನೆ.

ರೀಲ್ಸ್ ಮಾಡು, ಯಾರೂ ಬೈಯುವುದಿಲ್ಲ. ಊರ ಹುಡುಗರೇ ನಿನಗಿಂತ ಜಾಸ್ತಿ ಮಾಡುತ್ತಾರೆ. ಆದರೆ ಮೈಮೇಲೆ ದೇವರು ಬಂದವರ ಮುಖಕ್ಕೆ ಫೋನ್ ಹಿಡಿಯಬೇಡ. ಹೆಂಗಸರು ಹೊಳೆಯಲ್ಲಿ, ಹೊಂಡದಲ್ಲಿ ಸ್ನಾನ ಮಾಡುವ ಕಡೆ ಫೋನ್ ಹೊರಗೇ ತೆಗೆಯಬೇಡ. ಇದಕ್ಕೆ ಯಾರನ್ನೂ ಕೇಳಬೇಕಿಲ್ಲ. ಮತ್ತೆ ‘ಸದ್ದಲೇ’ ಅಂದ ಮೇಲೆ ಫೋನ್ ಜೇಬಿಗೆ ಹಾಕಿ ಸುಮ್ನೆ ಕೇಳು.

ಪ್ರಶ್ನೆ: ಬಾದಾಮಿಯ ಬನಶಂಕರಿ ಜಾತ್ರೆ ತಿಂಗಳುಗಟ್ಟಲೆ ನಡೆಯುತ್ತದಂತೆ. ನಮಗೆ ಸಿಗುವುದು ಎರಡೇ ದಿನ ರಜೆ. ತೇರಿನ ದಿನ ಬರುವುದೋ, ರಶ್ ಕಡಿಮೆ ಆದ ಮೇಲೆ ಬರುವುದೋ?
— ಓದುಗರು, ಮೈಸೂರು

ಉತ್ತರ: ಬನದ ಹುಣ್ಣಿಮೆಯ ಹಿಂದಿನ ದಿನ ಮತ್ತು ಹುಣ್ಣಿಮೆ, ಈ ಎರಡು ದಿನ ಇಟ್ಟುಕೊಳ್ಳಿ. ಹೆಚ್ಚಾಗಿ ಜನವರಿಯಲ್ಲಿ ಬರುತ್ತದೆ.

ಹಿಂದಿನ ದಿನ ಪಲ್ಲೇದ ಹಬ್ಬ. ಬನಶಂಕರಿ ಅಂದರೆ ಶಾಕಂಬರಿ, ಬರಗಾಲದಲ್ಲಿ ಸೊಪ್ಪು ತರಕಾರಿ ಕೊಟ್ಟು ಜನರನ್ನು ಉಳಿಸಿದ ತಾಯಿ. ಅವಳಿಗೆ ಆ ದಿನ 108 ಬಗೆಯ ಪಲ್ಯ ಮಾಡಿ ನೈವೇದ್ಯ ಕೊಡುತ್ತಾರೆ. ಬದನೆ, ಹೀರೆ, ಅವರೆ, ಪುಂಡಿ, ಮೆಂತ್ಯ ಎಲ್ಲ ಇರುವ ಕಾಲ ಅದು. ಮಲಪ್ರಭೆಯ ಸೀಮೆಯಲ್ಲಿ ಬೆಳೆ ಕೈಗೆ ಬರುವ ಹೊತ್ತು. ಈ ಹಬ್ಬ ನೋಡದೆ ಮರುದಿನದ ತೇರು ಮಾತ್ರ ನೋಡಿದರೆ, ಈ ತಾಯಿ ಯಾಕೆ ಬೇರೆ ದೇವರಿಗಿಂತ ಬೇರೆ ಅನ್ನುವುದೇ ತಿಳಿಯುವುದಿಲ್ಲ.

ಇನ್ನೊಂದು ನೋಡಬೇಕಾದದ್ದು ಹಗ್ಗ. ಗುಡಿ ಇರುವುದು ಚೊಳಚಗುಡ್ಡ ಊರಿನ ಹತ್ತಿರ. ಆದರೆ ತೇರು ಎಳೆಯುವ ಹಗ್ಗ ಬರುವುದು ರೋಣ ತಾಲ್ಲೂಕಿನ ಮಾಡಲಗೇರಿಯಿಂದ, ಹಳಿಬಂಡಿಯಲ್ಲಿ. ಆ ಊರವರಿಗೆ ಅದು ತಲೆಮಾರುಗಳ ಹಕ್ಕು. ಎತ್ತುಗಳನ್ನು ಸಿಂಗರಿಸಿ, ಬಂಡಿ ಹೂಡಿ, ಹೊಳೆ ದಾಟಿ ಬರುತ್ತಾರೆ. ಹಗ್ಗ ಬರದಿದ್ದರೆ ತೇರಿಲ್ಲ. ತೇರಿನ ಕಳಸದ ಫೋಟೊ ಎಲ್ಲರ ಹತ್ತಿರವೂ ಇರುತ್ತದೆ. ಹಗ್ಗದ ಬಂಡಿಯ ಹಿಂದೆ ನಡೆದು ಬರುವ ಜನರ ಮುಖ ನೋಡಿದವರು ಕಡಿಮೆ. ಬೇರೆ ಊರು, ಬೇರೆ ಜಿಲ್ಲೆ, ಆದರೂ ‘ನಮ್ಮ ಜಾತ್ರೆ’ ಅಂತಲೇ ಬರುತ್ತಾರೆ. ನಾನು ಒಮ್ಮೆ ಬಸ್ಸಿನಲ್ಲಿ ಒಬ್ಬ ಹಿರಿಯರನ್ನು ಕೇಳಿದೆ, ತೇರು ಚೆನ್ನಾಗಿ ಕಾಣಬೇಕಾದರೆ ಎಲ್ಲಿ ನಿಲ್ಲಬೇಕು ಅಂತ. ಅವರು, ‘ತಮ್ಮಾ, ಕಳಸಾ ಆಮ್ಯಾಲ ನೋಡು. ಮೊದ್ಲು ಹಗ್ಗಾ ನೋಡು, ಹಗ್ಗಾ ಹಿಡಿದವ್ರ ಕೈ ನೋಡು’ ಅಂದರು. ಆಮೇಲಿಂದ ನಾನು ಯಾವ ತೇರಿಗೆ ಹೋದರೂ ಹಾಗೇ ನೋಡುತ್ತೇನೆ.

ತೇರು ಎಳೆಯುವುದು ಸಂಜೆ. ಜನ ಉತ್ತತ್ತಿ, ಬಾಳೆಹಣ್ಣು ತೇರಿಗೆ ಎಸೆಯುತ್ತಾರೆ. ನೀವೂ ಎಸೆಯಿರಿ, ಆದರೆ ತೆಂಗಿನಕಾಯಿ ಎಸೆಯಬೇಡಿ. ನೆಲದ ಮೇಲೆ ಬಾಳೆಹಣ್ಣು ತುಳಿದು ಜಾರುವವರು ಬಹಳ. ಗಾಲಿಯ ಮುಂದೆ ಮತ್ತು ಪಕ್ಕ ನಿಲ್ಲಲೇಬೇಡಿ. ತೇರು ಯಾವ ಕಡೆ ವಾಲುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದು ಗಾಲಿಗೆ ಸನ್ನಿ (ಮರದ ತುಂಡು) ಹಾಕುವವರಿಗೆ ಮಾತ್ರ ಗೊತ್ತು.

ಊಟದ ಚಿಂತೆ ಬೇಡ. ಗುಡಿ ಎದುರಿನ ಹೊಂಡದ ಕಲ್ಲಿನ ಸಾಲುಮಂಟಪದ ಹತ್ತಿರ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಬುಟ್ಟಿಯ ಬಟ್ಟೆ ಸರಿಸಿದರೆ ಮನೆಯಲ್ಲಿ ಬಡಿದ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಕೆಂಪು ಚಟ್ನಿ. ಪಕ್ಕದಲ್ಲಿ ಸಣ್ಣ ಮಡಕೆಯಲ್ಲಿ ಕೆನೆಮೊಸರು. ರೊಟ್ಟಿ ಮುರಿದು ಕೈಗೆ ಕೊಟ್ಟು, ‘ಇನ್ನೊಂಚೂರು ಹಾಕ್ಲೇನು’ ಅಂತ ಕೇಳುತ್ತಾರೆ. ಚೌಕಾಸಿ ಮಾಡಬೇಡಿ. ಬೆಳಗಿನ ಜಾವ ಎದ್ದು ಬಡಿದ ರೊಟ್ಟಿ ಅದು. ಈ ಊಟ ಜಾತ್ರೆಯಲ್ಲಿ ಅಷ್ಟೇ ಅಲ್ಲ, ವರ್ಷವಿಡೀ ಸಿಗುತ್ತದೆ.

ರಾತ್ರಿ ನಾಟಕ. ಇದಕ್ಕಾಗಿಯೇ ಅಲ್ಲಿ ಒಂದು ರಾತ್ರಿ ಉಳಿಯಿರಿ ಅನ್ನುತ್ತೇನೆ. ಕನ್ನಡದ ಕಂಪನಿ ನಾಟಕಗಳಿಗೆ ಬನಶಂಕರಿ ಜಾತ್ರೆ ದೊಡ್ಡ ಆಸರೆ. ಸಾಲಾಗಿ ತಗಡಿನ ಥಿಯೇಟರುಗಳು ಏಳುತ್ತವೆ. ತೇರು ಮುಗಿದರೂ ವಾರಗಟ್ಟಲೆ ಆಟ ನಡೆಯುತ್ತವೆ. ಎಷ್ಟೋ ಕಂಪನಿಗಳ ಇಡೀ ವರ್ಷದ ಲೆಕ್ಕ ಈ ಒಂದು ಜಾತ್ರೆಯ ಗಲ್ಲಾ ಪೆಟ್ಟಿಗೆ ಮೇಲೆ ನಿಂತಿದೆ. ಟಿಕೆಟ್ ತೆಗೆದುಕೊಂಡು ಕೂತು ಪೂರ್ತಿ ನೋಡಿ. ಹಾಸ್ಯ ಸ್ವಲ್ಪ ಜೋರಾಗಿರುತ್ತದೆ, ಮೈಸೂರಿನ ಕಿವಿಗೆ ಬೇರೆ ಅನ್ನಿಸಬಹುದು. ಆದರೆ ಮೈಕಿನ ಮುಂದೆ ನಿಂತು ಒಂದೇ ದಿನ ಎರಡು ಮೂರು ಆಟ ಆಡುವ ಆ ಕಲಾವಿದೆಯರ ದನಿ ಕೇಳಿದರೆ ಕೈ ತಾನಾಗೇ ಚಪ್ಪಾಳೆ ತಟ್ಟುತ್ತದೆ. ಬೆಳಿಗ್ಗೆ ಎದ್ದು ಬಾಗಿಲು ಚೌಕಟ್ಟುಗಳ ಅಂಗಡಿ ಸಾಲು ನೋಡಿಕೊಂಡು ಹೊರಡಿ. ಹೊಸ ಮನೆ ಕಟ್ಟುವವರು ದೂರದೂರದಿಂದ ಬಂದು ತಲೆಬಾಗಿಲು ಇಲ್ಲೇ ಕೊಳ್ಳುತ್ತಾರೆ.

ಪ್ರಶ್ನೆ: ನಮ್ಮ ತಾಯಿಗೆ ಎಂಬತ್ತರ ಹತ್ತಿರ ವಯಸ್ಸು, ಮಂಡಿ ನೋವು. ಮೇಲುಕೋಟೆ ವೈರಮುಡಿ ನೋಡಬೇಕು ಅಂತ ಒಂದೇ ಹಠ. ಕರೆದುಕೊಂಡು ಹೋಗಬಹುದಾ?
— ಓದುಗರು, ತುಮಕೂರು

ಉತ್ತರ: ನನ್ನ ಮಗಳನ್ನು ಕೊಟ್ಟಿರುವುದು ಮಂಡ್ಯಕ್ಕೆ, ಹಾಗಾಗಿ ಈ ಉತ್ಸವ ನನಗೂ ಗೊತ್ತು. ವೈರಮುಡಿ ಕಿರೀಟವನ್ನು ಚೆಲುವನಾರಾಯಣನಿಗೆ ತೊಡಿಸಿ ಮೆರವಣಿಗೆ ಮಾಡುವುದು ರಾತ್ರಿ. ಬೀದಿ ಕಿರಿದು, ಊರು ಬೆಟ್ಟದ ಮೇಲೆ, ಜನ ಉಸಿರು ಬಿಡಲೂ ಜಾಗ ಇಲ್ಲದಷ್ಟು. ಮಂಡಿ ನೋವಿನ ತಾಯಿಯನ್ನು ಆ ಬೀದಿಗೆ ಇಳಿಸಬೇಡಿ.

ಅವರ ಆಸೆ ತೀರಿಸಲು ದಾರಿ ಇದೆ. ಕಿರೀಟ ವರ್ಷವಿಡೀ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಬೆಳಿಗ್ಗೆ ಪೂಜೆ ಮಾಡಿ, ಪೊಲೀಸ್ ಕಾವಲಿನಲ್ಲಿ ಪೆಟ್ಟಿಗೆಯನ್ನು ಹೊರಡಿಸುತ್ತಾರೆ. ದಾರಿಯುದ್ದಕ್ಕೂ ಹಳ್ಳಿಯವರು ರಸ್ತೆಗೆ ನೀರು ಹಾಕಿ, ರಂಗೋಲಿ ಬಿಟ್ಟು, ಹಣ್ಣುಕಾಯಿ ಹಿಡಿದು ಕಾಯುತ್ತಾರೆ. ಪ್ರತಿ ಊರಲ್ಲೂ ವಾಹನ ನಿಂತು ಪೂಜೆ ತೆಗೆದುಕೊಂಡು ಮುಂದೆ ಹೋಗುತ್ತದೆ. ಅಂಥ ಒಂದು ಹಳ್ಳಿಯಲ್ಲಿ ನೆರಳು ನೋಡಿ ಕುರ್ಚಿ ಹಾಕಿ ತಾಯಿಯನ್ನು ಕೂರಿಸಿ. ಹಳ್ಳಿಯವರೇ ಜಾಗ ಮಾಡಿಕೊಡುತ್ತಾರೆ, ನೀರು ಮಜ್ಜಿಗೆ ಕೊಡುತ್ತಾರೆ. ಕೈ ಮುಗಿಯಲು ಅಷ್ಟು ಹತ್ತಿರ ವೈರಮುಡಿ ಬೇರೆಲ್ಲೂ ಸಿಗುವುದಿಲ್ಲ. ಎರಡು ದಿನ ಬಿಟ್ಟು ಬೆಳಿಗ್ಗೆ ಮೇಲುಕೋಟೆಗೆ ಹತ್ತಿಸಿ. ವೈರಮುಡಿ ಆ ಒಂದು ರಾತ್ರಿಗೆ ಮಾತ್ರ, ಉತ್ಸವದ ಮಿಕ್ಕ ದಿನ ಸ್ವಾಮಿಗೆ ರಾಜಮುಡಿ ಕಿರೀಟ. ಅದು ಮೈಸೂರಿನ ರಾಜ ಒಡೆಯರು ಕೊಟ್ಟದ್ದು. ಮೆಟ್ಟಿಲು ಹತ್ತಬೇಕಾದ ಯೋಗಾನರಸಿಂಹನ ಬೆಟ್ಟ ಬಿಡಿ. ಕೆಳಗಿನ ಚೆಲುವನಾರಾಯಣನ ಗುಡಿ ಸಾಕು. ಪುಳಿಯೋಗರೆ ಕಟ್ಟಿಸಿಕೊಳ್ಳಿ.

ಪ್ರಶ್ನೆ: ದಾಸೋಹದಲ್ಲಿ ದುಡ್ಡು ಕೊಡದೆ ಊಟ ಮಾಡಲು ಮುಜುಗರ. ಏನು ಮಾಡಲಿ?
— ಓದುಗಿ, ಉಡುಪಿ

ಉತ್ತರ: ಕೂತು ಊಟ ಮಾಡಿ ಅಮ್ಮಾ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲ ಹಳ್ಳಿಗಳ ಮನೆಮನೆಯಲ್ಲಿ ರೊಟ್ಟಿ ಬಡಿದು, ಟ್ರ್ಯಾಕ್ಟರಿನಲ್ಲಿ ತುಂಬಿ, ಡೊಳ್ಳು ಭಜನೆಯ ಜೊತೆ ಮೆರವಣಿಗೆಯಲ್ಲಿ ತಂದು ಕೊಡುತ್ತಾರೆ. ಲಕ್ಷಗಟ್ಟಲೆ ರೊಟ್ಟಿ, ಮಾದಲಿ. ಒಬ್ಬ ಅಜ್ಜಿ ತಾನು ಬಡಿದ ಹತ್ತು ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನನ್ನ ಬಸ್ಸು ಹತ್ತಿದ್ದಳು. ಗವಿಸಿದ್ಧಪ್ಪನ ಜಾತ್ರೆಗೆ ಬಂದವರು ಉಣ್ಣಲಿ ಅಂತ. ನೀವು ಉಣ್ಣದೆ ಎದ್ದರೆ ಆ ಅಜ್ಜಿಗೆ ಬೇಜಾರಾಗುತ್ತದೆ, ದುಡ್ಡು ಕೊಡದಿದ್ದರೆ ಅಲ್ಲ. ಎಲೆಯಲ್ಲಿ ಬಿಡಬೇಡಿ. ಊಟ ಆದ ಮೇಲೆ ಒಂದು ತಾಸು ಬಡಿಸಲು ನಿಲ್ಲಿ, ಯಾರೂ ಬೇಡ ಅನ್ನುವುದಿಲ್ಲ.

ಪ್ರಶ್ನೆ: ಗೆಳೆಯರೆಲ್ಲ ಕೊಟ್ಟೂರಿಗೆ ಪಾದಯಾತ್ರೆ ಹೊರಟಿದ್ದೇವೆ. ಮೊದಲ ಸಲ. ತೇರಿನ ಹೊತ್ತಿಗೆ ಸರಿಯಾಗಿ ತಲುಪುವ ಹಾಗೆ ಲೆಕ್ಕ ಹಾಕಿದ್ದೇವೆ. ಏನಾದರೂ ಸಲಹೆ?
— ಓದುಗರು, ಹರಿಹರ

ಉತ್ತರ: ಲೆಕ್ಕ ಬದಲಿಸಿ. ಒಂದು ದಿನ ಮೊದಲೇ ತಲುಪಿ. ನಡೆದು ಸುಸ್ತಾದ ಕಾಲಿನಲ್ಲಿ ತೇರಿನ ನೂಕುನುಗ್ಗಲಿಗೆ ಇಳಿಯಬಾರದು. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ತೇರು ಎಳೆಯುತ್ತಿದ್ದಾಗಲೇ ಉರುಳಿ ಬಿದ್ದದ್ದು ನೆನಪಿರಲಿ. ಹಗ್ಗ ಹಿಡಿಯುವುದಾದರೆ ಎಚ್ಚರ ಇರುವ ಮೈ ಬೇಕು.

ಬಿಸಿಲು ಮಾಘದ ಕೊನೆಗೆ ಆಗಲೇ ಜೋರು. ಬೆಳಗಿನ ಜಾವ ನಡೆಯಿರಿ, ಹನ್ನೊಂದರ ಮೇಲೆ ನೆರಳು ಹಿಡಿಯಿರಿ, ಸಂಜೆ ಮತ್ತೆ ನಡೆಯಿರಿ. ರಾತ್ರಿ ರಸ್ತೆಯಲ್ಲಿ ನಡೆದರೆ ಎದುರು ಬರುವ ಗಾಡಿ ಕಾಣುವ ಹಾಗೆ ಬಲಗಡೆ ನಡೆಯಿರಿ, ಬಿಳಿ ಬಟ್ಟೆ ಹಾಕಿಕೊಳ್ಳಿ, ಬ್ಯಾಟರಿ ಇರಲಿ. ಡ್ರೈವರಿಗೆ ಕತ್ತಲಲ್ಲಿ ಕಪ್ಪು ಅಂಗಿಯವರು ಕಾಣುವುದೇ ಇಲ್ಲ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಹೊಸ ಚಪ್ಪಲಿ ಬೇಡ. ದಾರಿಯಲ್ಲಿ ಊರೂರಿಗೆ ಮಂಡಕ್ಕಿ, ಮಿರ್ಚಿ, ಪಾನಕ ಕೊಡುತ್ತಾರೆ. ಎಲ್ಲ ಕಡೆ ತಿಂದರೆ ಹೊಟ್ಟೆ ಕೆಡುತ್ತದೆ, ಎಲ್ಲ ಕಡೆ ನೀರು ಕುಡಿಯಿರಿ.

ಕೊಟ್ಟೂರಿನಲ್ಲಿ ಒಂದು ಸಂಪ್ರದಾಯ ತಪ್ಪದೆ ನೋಡಿ. ಪರಿಶಿಷ್ಟ ಜಾತಿಯ ಮನೆತನದ ಹೆಣ್ಣುಮಗಳು ಉಪವಾಸ ಇದ್ದು ಆರತಿ ಬೆಳಗಿದ ಮೇಲೇ ಗುರು ಬಸವೇಶ್ವರ ಸ್ವಾಮಿ ತೇರಿನ ಕಡೆ ಹೊರಡುವುದು. ತೇರು ಹೊರಡುವ ಮೊದಲೇ ಆಗಿಹೋಗುವ ಕೆಲಸ ಅದು. ತಡವಾಗಿ ಬಂದವರಿಗೆ ಇಂಥದ್ದೊಂದು ಇದೆ ಅಂತಲೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಕಾಕಾ, ನಮ್ಮ ಮನೆದೇವರು ಸವದತ್ತಿ ಯಲ್ಲಮ್ಮ. ಅಜ್ಜಿ ಇದ್ದಾಗ ಪ್ರತಿ ವರ್ಷ ಚಕ್ಕಡಿಯಲ್ಲಿ ಹೋಗಿ ಪಡ್ಡಲಗಿ (ಎಡೆಯ ಬುಟ್ಟಿ) ತುಂಬಿಸುತ್ತಿದ್ದರಂತೆ. ಅಜ್ಜಿ ಹೋದ ಮೇಲೆ ಬಿಟ್ಟುಹೋಗಿದೆ. ನಾನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಈಗ ಮಗಳನ್ನು ಕರೆದುಕೊಂಡು ಹೋಗಬೇಕು ಅನ್ನಿಸುತ್ತಿದೆ, ಆದರೆ ಏನೂ ಗೊತ್ತಿಲ್ಲ. ದೇವದಾಸಿ ಪದ್ಧತಿಯ ಸುದ್ದಿ ಓದಿ ಯಜಮಾನರು ಹಿಂದೆ ಮುಂದೆ ನೋಡುತ್ತಿದ್ದಾರೆ.
— ಓದುಗಿ, ಪುಣೆ

ಉತ್ತರ: ಹೋಗಿ ತಂಗಿ. ನಿಮ್ಮ ಕಡೆಯಿಂದಲೂ ಯಲ್ಲಮ್ಮನ ಗುಡ್ಡಕ್ಕೆ ಬರುವ ಮರಾಠಿ ಮನೆತನಗಳು ಸಾವಿರಾರು ಇವೆ. ಒಬ್ಬರಲ್ಲ ಒಬ್ಬರು ಜೊತೆ ಸಿಗುತ್ತಾರೆ.

ನಿಮ್ಮ ಯಜಮಾನರ ಅಳುಕಿಗೆ ಮೊದಲು ಹೇಳುತ್ತೇನೆ. ಹೆಣ್ಣುಮಕ್ಕಳಿಗೆ ದೇವರ ಹೆಸರಲ್ಲಿ ಮುತ್ತು ಕಟ್ಟಿಸುವುದು, ಅಂದರೆ ದೇವದಾಸಿ ಮಾಡುವುದು, ಕರ್ನಾಟಕದಲ್ಲಿ ಅಪರಾಧ. 1982ರಲ್ಲೇ ಅದಕ್ಕೆ ಕಾಯ್ದೆ ಬಂತು. ಅದನ್ನು ಮಾಡಿದವರು ತಾಯಿಯ ಹೆಸರು ಕೆಡಿಸಿದರು. ಅದರಿಂದ ಬದುಕು ಹಾಳಾದ ಹೆಂಗಸರು ಇಂದಿಗೂ ನಮ್ಮ ನಡುವೆ ಇದ್ದಾರೆ, ಅವರದೇ ಹೋರಾಟದಿಂದ ಎಷ್ಟೋ ಬದಲಾಗಿದೆ. ಇದನ್ನು ಮುಚ್ಚಿಡಬಾರದು. ಗುಡ್ಡದಲ್ಲಿ ಯಾರಾದರೂ ನಿಮ್ಮ ಮಗಳ ಬಗ್ಗೆ, ಹರಕೆ ಅಂತ ಹೆದರಿಸಿ ಮಾತಾಡಿದರೆ ಅಲ್ಲಿಂದ ಎದ್ದು ಬನ್ನಿ, ಪೊಲೀಸರಿಗೆ ಹೇಳಿ. ಆದರೆ ಅದೇ ಯಲ್ಲಮ್ಮನ ಜಾತ್ರೆ ಅಲ್ಲ. ಲಕ್ಷಾಂತರ ರೈತರ ಮನೆಯವರು ಸುಗ್ಗಿಯ ಹೊತ್ತಿಗೆ ಮಕ್ಕಳು ಮರಿ ಕಟ್ಟಿಕೊಂಡು ತಾಯಿಯನ್ನು ಕಂಡು ಬರುವ ಜಾತ್ರೆ ಅದು. ನಿಮ್ಮ ಅಜ್ಜಿ ಹೋಗಿದ್ದು ಆ ಜಾತ್ರೆಗೆ.

ದೊಡ್ಡ ಜಾತ್ರೆ ಬನದ ಹುಣ್ಣಿಮೆಗೆ ಮತ್ತು ಭರತ ಹುಣ್ಣಿಮೆಗೆ. ಮೊದಲ ಸಲಕ್ಕೆ ಹುಣ್ಣಿಮೆಗೆ ಮೂರ್ನಾಲ್ಕು ದಿನ ಮುಂಚೆ, ಮಂಗಳವಾರ ಶುಕ್ರವಾರ ಬಿಟ್ಟು ಹೋಗಿ. ಧಾರವಾಡಕ್ಕೆ ಬಂದರೆ ಅಲ್ಲಿಂದ ಸವದತ್ತಿ ಬಸ್ಸಿಗೆ ಕೊರತೆ ಇಲ್ಲ. ಮೊದಲು ಜೋಗುಳಬಾವಿ. ಅಲ್ಲಿ ಸ್ನಾನ ಮಾಡಿ, ಸತ್ಯಮ್ಮನಿಗೆ ಕೈ ಮುಗಿದು, ಆಮೇಲೆ ಗುಡ್ಡ ಹತ್ತುವುದು ರೂಢಿ.

ಇನ್ನು ಪಡ್ಡಲಗಿ. ಗುಡ್ಡದ ಬಯಲಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡುತ್ತಾರೆ. ಹೋಳಿಗೆ, ಕಡಬು, ಅನ್ನ, ಪಲ್ಯ, ಮನೆಯ ಶಕ್ತಿ ಇದ್ದಷ್ಟು ಅಡುಗೆ. ಅದನ್ನು ಪಡ್ಡಲಗಿಯಲ್ಲಿ ತುಂಬಿ, ಭಂಡಾರ ಹಾಕಿ, ಕೂಡಿದವರೆಲ್ಲ ‘ಉಧೋ ಉಧೋ’ ಅಂತ ಕೂಗಿ ತಾಯಿಗೆ ಎಡೆ ತೋರಿಸಿ, ಆಮೇಲೆ ಎಲ್ಲರೂ ಹಂಚಿಕೊಂಡು ಉಣ್ಣುವುದು. ಒಂದೊಂದು ಮನೆಯ ಪದ್ಧತಿ ಒಂದೊಂದು ತರಹ. ಹಾಗಾಗಿ ನನ್ನ ಮಾತು ಅಂತಿಮ ಅಂದುಕೊಳ್ಳಬೇಡಿ. ಹೊರಡುವ ಮೊದಲು ನಿಮ್ಮ ಊರಿಗೆ ಫೋನ್ ಮಾಡಿ. ಅಜ್ಜಿಯ ಓರಗಿತ್ತಿಯೋ, ತವರಿನ ಕಡೆ ಯಾರಾದರೂ ಹಿರಿಯ ಹೆಣ್ಣುಮಗಳೋ ಇದ್ದೇ ಇರುತ್ತಾರೆ. ‘ಅಬ್ಬೆ, ನಮ್ಮ ಮನ್ಯಾಗ ಹೆಂಗ ಮಾಡ್ತಿದ್ರು’ ಅಂತ ಕೇಳಿ. ಆಗುವುದಾದರೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಕಾರಿನ ಮುಂದಿನ ಸೀಟು ಅವರಿಗೆ ಬಿಡಿ.

ಯಾರೂ ಇಲ್ಲದಿದ್ದರೂ ಚಿಂತೆ ಇಲ್ಲ. ಗುಡ್ಡದಲ್ಲಿ ಪಕ್ಕದ ಒಲೆಯವರ ಹತ್ತಿರ ಹೋಗಿ, ಅಕ್ಕಾ ನಮಗೆ ಗೊತ್ತಿಲ್ಲ, ಸ್ವಲ್ಪ ಹೇಳಿಕೊಡಿ ಅನ್ನಿ. ಅವರು ನಿಮ್ಮ ಒಲೆಯ ಹತ್ತಿರವೇ ಬಂದು ಕೂರುತ್ತಾರೆ. ಜಾತ್ರೆಯ ಹಿಂದಿನ ದಿನಗಳಲ್ಲಿ ಅವರಿಗೂ ಹೇಳಿಕೊಡಲು ಹೊತ್ತಿರುತ್ತದೆ. ನಿಮ್ಮ ಮಗಳಿಗೂ ಒಂದು ಕೆಲಸ ಕೊಡಿ, ಹೋಳಿಗೆ ಜೋಡಿಸುವುದೋ, ಭಂಡಾರ ಹಾಕುವುದೋ. ನೋಡಿದ್ದಕ್ಕಿಂತ ಮಾಡಿದ್ದು ಕೈಗೆ ನೆನಪಿರುತ್ತದೆ.

ಪ್ರಶ್ನೆ: ನಾನು ದೇವರನ್ನು ನಂಬುವವನಲ್ಲ. ಜಾತ್ರೆ ನೋಡಲು ಬಂದರೆ ತಪ್ಪಾ?
— ಓದುಗರು, ಶಿವಮೊಗ್ಗ

ಉತ್ತರ: ಖಂಡಿತ ತಪ್ಪಲ್ಲ. ಬಳೆ ಮಾರುವವರು, ತೊಟ್ಟಿಲು ತಿರುಗಿಸುವವರು, ಬೆಂಡು ಬತ್ತಾಸಿನ ಅಂಗಡಿಯವರು ಎಲ್ಲ ಜಾತಿ ಧರ್ಮದವರೂ ಇರುತ್ತಾರೆ. ಅವರಿಲ್ಲದೆ ಜಾತ್ರೆಯೇ ಇಲ್ಲ. ಚಪ್ಪಲಿ ಬಿಡುವ ಕಡೆ ಬಿಡಿ, ಕೊಟ್ಟ ಪ್ರಸಾದ ಎರಡೂ ಕೈಯಲ್ಲಿ ತೆಗೆದುಕೊಳ್ಳಿ. ಅಷ್ಟು ಸಾಕು.

ಪ್ರಶ್ನೆ: ಜಾತ್ರೆಗಳ ದಿನಾಂಕ ಪ್ರತಿ ವರ್ಷ ಬದಲಾಗುತ್ತದೆ. ಮೊದಲೇ ರಜೆ ಹಾಕುವುದು ಹೇಗೆ?
— ಓದುಗಿ, ಮಂಗಳೂರು

ಉತ್ತರ: ತಿಥಿ ನೆನಪಿಟ್ಟುಕೊಳ್ಳಿ, ತಾರೀಕಲ್ಲ. ಬನಶಂಕರಿಗೆ ಬನದ ಹುಣ್ಣಿಮೆ. ಮೈಲಾರಕ್ಕೆ ಭರತ ಹುಣ್ಣಿಮೆ ಆದ ಮೇಲೆ. ಸವದತ್ತಿಗೆ ಎರಡೂ ಹುಣ್ಣಿಮೆ. ಮೇಲುಕೋಟೆಗೆ ಫಾಲ್ಗುಣ. ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ಗುರುತು ಹಾಕಿಡಿ. ಜಾತ್ರೆಗೆ ಹದಿನೈದು ದಿನ ಇರುವಾಗ ದೇವಸ್ಥಾನದ ಕಚೇರಿಗೆ ಫೋನ್ ಮಾಡಿ ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಿ. ಹಾಗೇ ಹತ್ತಿರದ ಬಸ್ ಡಿಪೋದಲ್ಲಿ ಜಾತ್ರೆ ವಿಶೇಷ ಬಸ್ಸು ಎಷ್ಟು ಗಂಟೆಯಿಂದ ಶುರು, ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿ. ಜಾತ್ರೆ ದಿನ ತಾತ್ಕಾಲಿಕ ಬಸ್ ನಿಲ್ದಾಣ ಊರ ಹೊರಗೆ ಇರುತ್ತದೆ, ಎಲ್ಲಿ ಅನ್ನುವುದನ್ನು ಇಳಿದಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ಚಿಲ್ಲರೆ ತಂದಿರಿ.